ಕತ್ತರಿಸಿದ ಷರಾ ಚೀಟಿ

“ಮೊಬೈಲು ಈ ಬುಟ್ಟಿಗೆ ಹಾಕಿಬಿಡಿ, ಬು ರುಮಿಯಾತಿ,” ಎಂದರು ಪಾಕ್ ಮುರ್ಸಿದಿ. “ಇಲ್ಲಿ ಆಡಿದ ಮಾತು, ಇಲ್ಲಿ ತೋರಿಸಿದ ಕಾಗದ, ಎಲ್ಲಾ ಈ ಕೋಣೇಲೇ ಉಳೀಬೇಕು. ನಾಳೆ ಪೀಠದ ಮುಂದೆ ನಿಂತು ಅವರು ಹಾಗಂದ್ರು, ಇಂಥದ್ದು ತೋರಿಸಿದ್ರು ಅಂತ ಹೇಳೋ ಹಾಗಿಲ್ಲ. ಇದು ರಾಜಿ ಕೋಣೆ. ಗೊತ್ತಲ್ಲ?”

ಗೊತ್ತಿತ್ತು. ಮೂವತ್ತೊಂದು ವರ್ಷ ಸರ್ಕಾರಿ ಟಪಾಲು ಮೇಜಿನಲ್ಲಿ ಕೂತವಳಿಗೆ ನಿಯಮ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ. ನಮ್ಮ ಜಾವಾದಲ್ಲಿ ಹೆಂಗಸರಿಗೆ ಬು, ಗಂಡಸರಿಗೆ ಪಾಕ್ ಎನ್ನುವುದು ಗೌರವದ ಕರೆ; ಆ ಗೌರವಕ್ಕೆ ತಲೆಬಾಗಿ ಮೊಬೈಲನ್ನು ಬುಟ್ಟಿಗೆ ಹಾಕಿದೆ. ಎದುರಿಗೆ ಕೂತಿದ್ದ ಪ್ರಿಹಾತಿನ್ ತನ್ನದನ್ನೂ ಹಾಕಿದಳು. ಮಧ್ಯಸ್ಥರಾದ ಪಾಕ್ ಮುರ್ಸಿದಿ ಬುಟ್ಟಿಯನ್ನು ಕಪಾಟಿನಲ್ಲಿಟ್ಟು, ಬೀಗ ತಿರುಗಿಸಿ, ಕೀಲಿಯನ್ನು ತಮ್ಮ ಬಾತಿಕ್ ಅಂಗಿಯ ಜೇಬಿಗೆ ಇಳಿಸಿದರು.

ಮಾಹಿತಿ ಆಯೋಗದ ಮೂರನೇ ಮಹಡಿಯ ಆ ಕೋಣೆಗೆ ಒಂದೇ ಬಾಗಿಲು. ಅದಕ್ಕೆ ಒಳಗಿನ ಹಿಡಿ ಕಿತ್ತುಹೋಗಿ ಎಷ್ಟು ಕಾಲವಾಗಿತ್ತೋ, ಹೊರಗಿನಿಂದ ಯಾರಾದರೂ ತೆರೆಯಬೇಕು. ಕಿಟಕಿಯೂ ಒಂದಿತ್ತು. ಬಣ್ಣ ಬಳಿದವರು ಚೌಕಟ್ಟನ್ನೂ ಸೇರಿಸಿ ಬಳಿದು ಅದನ್ನು ಗೋಡೆಗೇ ಅಂಟಿಸಿಬಿಟ್ಟಿದ್ದರು.

ತೂಗುಸೇತುವೆಯ ಕಾವಲುಗಾರ ದಾರ್ಮಿನ್ ಕೊಟ್ಟೆನೆಂದು ಹೇಳುವ ಎಚ್ಚರಿಕೆಯ ಪತ್ರವನ್ನು ತೋರಿಸಿ ಎಂದು ಕೆಡುಂಗ್ಲಾರಸ್‌ನ ಲೋಕೋಪಯೋಗಿ ಕಚೇರಿಗೆ ಮಾಹಿತಿ ಅರ್ಜಿ ಹಾಕಿ, ಎರಡು ಸಲ ಇಲ್ಲವೆನ್ನಿಸಿಕೊಂಡು, ಮೇಲ್ಮನವಿ ಹೊತ್ತು ಇಲ್ಲಿಗೆ ಬಂದಿದ್ದೆವು. ಗುರುವಾರ ನ್ಯಾಯಾಲಯದಲ್ಲಿ ಅವನ ತೀರ್ಪು. ಸೇತುವೆಯ ಉಕ್ಕಿನ ಹಗ್ಗ ಸವೆದದ್ದು ಗೊತ್ತಿದ್ದೂ ಯಾರಿಗೂ ತಿಳಿಸಲಿಲ್ಲ ಎಂಬುದು ಅವನ ಮೇಲಿನ ಆರೋಪ. ಸೇತುವೆ ಬಿದ್ದದ್ದು ಜನವರಿಯಲ್ಲಿ, ಸಂತೆಯ ದಿನ. ಸತ್ತವರು ಮೂವರು. ಅವರಲ್ಲಿ ಒಬ್ಬಳು ದಾರ್ಮಿನ್‌ನ ಸ್ವಂತ ಅಕ್ಕ. ಪತ್ರ ಸಿಗದಿದ್ದರೆ ಅವನಿಗೆ ಐದು ವರ್ಷ ಜೈಲು.

ಅವನ ಹೆಂಡತಿ ಸುಪಿಯಾ ಕೆಳಗಿನ ಜಗಲಿಯ ಬೆಂಚಿನ ಮೇಲೆ ಕೂತಿದ್ದಳು. ಕೋಣೆಯೊಳಗೆ ಒಂದು ಕಡೆಗೆ ಒಬ್ಬರೇ. ಅಧಿಕಾರಪತ್ರಕ್ಕೆ ಹೆಬ್ಬೆಟ್ಟು ಒತ್ತಿ ನನ್ನನ್ನು ಮೇಲೆ ಕಳಿಸುವಾಗ ಅವಳು ಹೇಳಿದ್ದು ಇಷ್ಟೇ: “ಅವರು ಕಾಗದದಲ್ಲಿ ಹೊಡೀತಿದಾರೆ, ಬು. ನೀವೂ ಕಾಗದದಲ್ಲೇ ಹೊಡೀರಿ.”

ಎದುರಿಗೆ ಕೂತ ಪ್ರಿಹಾತಿನ್ ಬೇರೆ ಯಾರೂ ಅಲ್ಲ. ಒಂಬತ್ತು ವರ್ಷ ಅದೇ ಲೋಕೋಪಯೋಗಿ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಕಲಿತವಳು. ಲಕೋಟೆ ಹೇಗೆ ಒಡೆಯಬೇಕು ಎಂಬುದರಿಂದ ಹಿಡಿದು ಸಾಹೇಬರ ಮೂಡು ಹೇಗೆ ಓದಬೇಕು ಎಂಬುದರವರೆಗೆ ಅವಳಿಗೆ ಕಲಿಸಿದವಳು ನಾನೇ. ಕಳೆದ ವರ್ಷ ಸೆಪ್ಟೆಂಬರ್ ಮೂವತ್ತು, ಸೋಮವಾರ, ಡ್ರಾಯರಿನ ಕೀಲಿ ಅವಳ ಕೈಗಿಟ್ಟು, ಎಲ್ಲರೂ ಸೇರಿ ಕೊಟ್ಟ ಗೋಡೆ ಗಡಿಯಾರ ಬಗಲಲ್ಲಿಟ್ಟುಕೊಂಡು ನಿವೃತ್ತಳಾಗಿ ಮನೆಗೆ ಬಂದಿದ್ದೆ. ಈಗ ಅವಳು ಅದೇ ಕಚೇರಿಯ ಮಾಹಿತಿ ವಿಭಾಗದ ಮುಖ್ಯಸ್ಥೆ. ನಮ್ಮ ಅರ್ಜಿಯನ್ನು ಎರಡು ಸಲ ತಿರಸ್ಕರಿಸಿದ ಪತ್ರಗಳ ಕೆಳಗೆ ಇದ್ದದ್ದು ಅವಳದೇ ಸಹಿ.

“ಶುರು ಮಾಡಿ,” ಎಂದರು ಪಾಕ್ ಮುರ್ಸಿದಿ.

“ಮೊದಲ್ನೇ ಉತ್ತರದಲ್ಲಿ ಅಂಥ ಪತ್ರ ನಮ್ಮಲ್ಲಿಲ್ಲ ಅಂತ ಬರೆದೆ,” ಎಂದೆ ನಾನು, ಅವಳನ್ನೇ ನೋಡುತ್ತಾ. “ನಾವು ಆಕ್ಷೇಪಣೆ ಹಾಕಿದ್ಮೇಲೆ ಆ ಪತ್ರ ಕೊಟ್ರೆ ತನಿಖೆಗೆ ಅಡ್ಡಿಯಾಗುತ್ತೆ ಅಂತ ಬರೆದೆ. ಕೂಸೇ ಹುಟ್ಟಿಲ್ಲ ಅಂತೀಯ, ಕುಲಾವಿ ಕಳುವಾಗುತ್ತೆ ಅಂತ ಹೆದರ್ತೀಯ. ಯಾವುದನ್ನ ನಂಬಲಿ, ತಿನ್?”

ಪಾಕ್ ಮುರ್ಸಿದಿ ಮೀಸೆಯಲ್ಲೇ ನಕ್ಕರು. ಪ್ರಿಹಾತಿನ್ ನಗಲಿಲ್ಲ.

“ಕಾನೂನು ಪ್ರಕಾರ ಉತ್ತರ ಕೊಟ್ಟಿದೀವಿ, ಬು.”

“ಪತ್ರ ಬಿಡು. ಆವಕ ಪುಸ್ತಕ ತೋರಿಸು. ಬಂದಿದ್ರೆ ಅದರಲ್ಲಿ ನಂಬರಿರುತ್ತೆ.”

“ಮಳೆನೀರು ನುಗ್ಗಿ ಹಾಳಾಯ್ತು.”

“ಕಪಾಟಿನಲ್ಲಿ ಇಪ್ಪತ್ತು ಪುಸ್ತಕ ಇದ್ವು. ಎಷ್ಟು ಹಾಳಾಯ್ತು?”

“ಅದೊಂದು.”

“ಮಳೆ ಕೂಡ ಓದು ಬರಹ ಕಲಿತಿದೆ ನೋಡಿ,” ಎಂದೆ.

ಅಷ್ಟರಲ್ಲಿ ಬೀದಿಯಾಚೆಯ ಮಸೀದಿಯಿಂದ ಶುಕ್ರವಾರದ ಬಾಂಗು ಕೇಳಿಸಿತು. ಪಾಕ್ ಮುರ್ಸಿದಿ ಎದ್ದು ಕಪ್ಪು ಟೋಪಿ ತಲೆಗಿಟ್ಟುಕೊಂಡರು. ಕನ್ನಡಕದ ಡಬ್ಬಿಯನ್ನು ಮೇಜಿನ ತಲೆಭಾಗದಲ್ಲಿ, ತಮ್ಮ ಕುರ್ಚಿಯ ಮುಂದೆಯೇ ಬಿಟ್ಟರು.

“ನಾನು ನಮಾಜು ಮುಗಿಸಿ ಬರ್ತೀನಿ. ಊಟದ ಡಬ್ಬಿ ಬಂದಿದೆ, ತಿನ್ನಿ. ಚಹಾ ಕುಡೀರಿ. ನಿಮ್ಮ ಕಚೇರಿ ಮೇಲ್ಮಹಡೀಲಿ ಕೊಡ್ತಾರಲ್ಲ, ಆ ಕಷಾಯಕ್ಕಿಂತ ವಾಸಿ.” ಬಾಗಿಲು ತಟ್ಟಿ ಹೊರಗಿನವರಿಂದ ತೆಗೆಸಿ, ಅಲ್ಲೇ ನಿಂತು ಮತ್ತೆ ಹಿಂತಿರುಗಿದರು. “ಗಂಡಸರ ಎದುರಿಗೆ ಕೂಡದ ರಾಜಿ ಎಷ್ಟೋ ಸಲ ಹೆಂಗಸರು ಹೆಂಗಸರಲ್ಲೇ ಕೂಡುತ್ತೆ.”

ಬಾಗಿಲು ಮುಚ್ಚಿತು. ಒಳಗೆ ನಾನು, ಅವಳು, ರಬ್ಬರ್ ಬ್ಯಾಂಡ್ ಹಾಕಿದ ಎರಡು ರಟ್ಟಿನ ಊಟದ ಡಬ್ಬಿಗಳು.

ಪ್ರಿಹಾತಿನ್ ಡಬ್ಬಿ ಮುಟ್ಟಲಿಲ್ಲ. ಕಡತ ಬಿಚ್ಚಿ, ಪ್ಲಾಸ್ಟಿಕ್ ಹೊದಿಕೆಯೊಳಗಿದ್ದ ಒಂದು ಕಾಗದವನ್ನು ನನ್ನ ಕಡೆಗೆ ಸರಿಸಿದಳು.

“ಓದಿ, ಬು. ಆಮೇಲೆ ಬೈಯೋದಾದ್ರೆ ಬೈರಿ.”

ಶಾಲೆಯ ಗೆರೆ ಹಾಳೆ. ಮೂರನೇ ಕ್ಲಾಸಿಗೆ ಓದು ಬಿಟ್ಟವನ ದಪ್ಪ ಅಕ್ಷರ. *ಸೇತುವೆಯ ಮೇಲ್ಗಡೆ ಹಗ್ಗದಲ್ಲಿ ಏಳು ಎಳೆ ತುಂಡಾಗಿದೆ. ನಾನು ಬಟ್ಟೆ ಸುತ್ತಿದ್ದೇನೆ. ಬಟ್ಟೆ ಸಾಲದು. ದಯಮಾಡಿ ಬೇಗ ಬನ್ನಿ. ಕಾವಲುಗಾರ ದಾರ್ಮಿನ್.*

ಅವನು ಸುಳ್ಳು ಹೇಳಿರಲಿಲ್ಲ. ಬರೆದಿದ್ದ, ಕೊಟ್ಟಿದ್ದ. ಇದೊಂದು ಹಾಳೆ ನ್ಯಾಯಾಧೀಶರ ಮೇಜು ಸೇರಿದರೆ ಅವನು ಗುರುವಾರ ಮನೆಗೆ ಹೋಗುತ್ತಾನೆ. ಕೆಳಗಿನ ಬೆಂಚಿನ ಮೇಲಿದ್ದ ಸುಪಿಯಾಳನ್ನು ಕೂಗಿ ಕರೆಯಬೇಕೆನ್ನಿಸಿತು.

“ಮೇಲಿರೋ ಚೀಟೀನೂ ನೋಡಿ,” ಎಂದಳು ಪ್ರಿಹಾತಿನ್.

ಪತ್ರದ ನೆತ್ತಿಗೆ ಷರಾ ಚೀಟಿ ಅಂಟಿಸಿತ್ತು. ನಮ್ಮ ಕಚೇರಿಗಳಲ್ಲಿ ಯಾವ ಪತ್ರ ಬಂದರೂ ಅದಕ್ಕೊಂದು ಚೀಟಿ ಅಂಟುತ್ತದೆ. ಮೇಲಿನ ಅರ್ಧದಲ್ಲಿ ಟಪಾಲಿನವರು ನಂಬರು, ತಾರೀಕು ಬರೆಯುತ್ತಾರೆ. ಕೆಳಗಿನ ಅರ್ಧದಲ್ಲಿ ಸಾಹೇಬರು ತಮ್ಮ ಷರಾ ಗೀಚುತ್ತಾರೆ. ಆ ಚೀಟಿಯಲ್ಲಿ ನಂಬರಿತ್ತು. ಆದರೆ ಪುಸ್ತಕವಿಲ್ಲದ ಮೇಲೆ ನಂಬರು ಮನೆ ಕಳೆದುಕೊಂಡ ಬೀಗದ ಕೈ. ಅದರ ಪಕ್ಕದಲ್ಲಿ ತಾರೀಕು: 8-IX. ಅದರ ಪಕ್ಕದಲ್ಲಿ ಒಂದೇ ಪದ: ಲೆಗಿ.

ಆ ಪದವನ್ನು ಎರಡು ಸಲ ಓದಿದೆ.

ತಾರೀಕಿನ ಪಕ್ಕದಲ್ಲಿ ಸಂತೆವಾರ ಬರೆಯುವುದು ಇಡೀ ಜಿಲ್ಲೆಯಲ್ಲಿ ನನ್ನೊಬ್ಬಳದೇ ಚಾಳಿ. ಜಾವಾದ ಹಳ್ಳಿಯವನಿಗೆ ಸೆಪ್ಟೆಂಬರ್ ಎಂಟು ಅಂದರೆ ಏನೂ ಅಲ್ಲ. ಅವನ ವಾರಕ್ಕೆ ಐದೇ ದಿನ: ಲೆಗಿ, ಪಾಹಿಂಗ್, ಪೋನ್, ವಾಗೆ, ಕ್ಲಿವೊನ್. ಅವನು ಕಿಟಕಿಯ ಮುಂದೆ ನಿಂತು, “ಹೋದ ಲೆಗಿಗೆ ಕಾಗದ ಕೊಟ್ಟಿದ್ನಲ್ಲ, ಏನಾಯ್ತು?” ಎನ್ನುತ್ತಾನೆ. ತಾರೀಕು ಹೇಳು ಎಂದು ಓಡಿಸುವುದು ಸುಲಭ. ನಾನು ಓಡಿಸಲಿಲ್ಲ, ಸಂತೆವಾರ ಬರೆದಿಟ್ಟುಕೊಂಡೆ. ಜೈಲಿನಲ್ಲಿ ದಾರ್ಮಿನ್ ಕೂಡ ನನಗೆ ಹೇಳಿದ್ದು ಅಷ್ಟೇ. “ತಾರೀಕು ತಿಳೀದು, ಬು. ಲೆಗಿ ಸಂತೆ ದಿನ. ಕನ್ನಡಕ ಹಾಕಿದ ಬು ಒಬ್ರು ಇಸ್ಕೊಂಡ್ರು, ಮುಖ ನೆನಪಿಲ್ಲ.”

ಕನ್ನಡಕ ನನ್ನ ಮೂಗಿನ ಮೇಲೂ ಇತ್ತು.

“ಯಾರ ಅಕ್ಷರ, ಬು?” ಎಂದಳು ಪ್ರಿಹಾತಿನ್.

“ನನ್ನ ಹಾಗೇ ಇದೆ.”

“ಸೆಪ್ಟೆಂಬರ್ ಎಂಟು. ಆ ಮೇಜಲ್ಲಿ ನೀವಿದ್ರಿ. ನಾನು ಅಲ್ಲಿ ಕೂತಿದ್ದು ಅಕ್ಟೋಬರ್ ಒಂದಕ್ಕೆ. ಈ ಪತ್ರ ಮೇಜಿನಿಂದ ಮೇಲಕ್ಕೆ ಹೋಗಲೇ ಇಲ್ಲ. ಸಾಹೇಬರ ಷರಾ ಒಂದಕ್ಷರನೂ ಇಲ್ಲ, ನೋಡಿ.” ಅವಳ ಧ್ವನಿ ಕುಗ್ಗಿತು. “ಅದಕ್ಕೇ ಇಲ್ಲ ಇಲ್ಲ ಅಂತ ಬರೆದಿದ್ದು. ಕಚೇರಿ ಉಳಿಸೋಕಲ್ಲ, ಬು. ನಿಮ್ಮನ್ನ ಉಳಿಸೋಕೆ.”

ಆ ತಿಂಗಳನ್ನು ನೆನಪಿನಲ್ಲಿ ಕೆದಕಿದೆ. ಪಿಂಚಣಿಯ ಕಾಗದಗಳಿಗಾಗಿ ಅಲೆದದ್ದು, ಎಡಗಣ್ಣಿಗೆ ಪೊರೆ ಬಂದದ್ದು, ಡ್ರಾಯರು ಖಾಲಿ ಮಾಡುವಾಗ ಎಲ್ಲರ ಮೇಲೂ ರೇಗಿದ್ದು. ಒಂದು ಗೆರೆ ಹಾಳೆ? ನೆನಪಾಗಲಿಲ್ಲ. ದಿನಕ್ಕೆ ನಲವತ್ತು ಪತ್ರ ಬರುತ್ತಿದ್ದವು. ಒಂದು ಯಾವುದೋ ಕಡತದ ಕೆಳಗೆ ಸರಿದಿರಬಹುದಲ್ಲವೇ? ಒಂದೇ ಒಂದು ಸಲ?

ಹತ್ತು ತಿಂಗಳಿಂದ ಆ ಕಚೇರಿಯಲ್ಲಿ ಕೊಲೆಗಾರನನ್ನು ಹುಡುಕುತ್ತಿದ್ದೆ. ಎಲ್ಲರ ಮುಖವನ್ನೂ ಅನುಮಾನದಿಂದ ನೋಡಿದ್ದೆ, ನನ್ನ ಮುಖ ಒಂದನ್ನು ಬಿಟ್ಟು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವಳು ಇನ್ನೊಂದು ಹಾಳೆ ಮುಂದಿಟ್ಟಳು. ಟೈಪು ಮಾಡಿದ ರಾಜಿಪತ್ರ. ಕಚೇರಿ ಹುಡುಕಿತು, ಪತ್ರ ಸಿಗಲಿಲ್ಲ, ಅರ್ಜಿದಾರರು ಒಪ್ಪಿದ್ದಾರೆ, ಮೇಲ್ಮನವಿ ಮುಗಿಯಿತು.

“ಸಹಿ ಹಾಕಿ. ನಿಮ್ಮ ಹೆಸರು ಎಲ್ಲೂ ಬರಲ್ಲ.”

“ದಾರ್ಮಿನ್?”

“ಐದು ವರ್ಷ ಅಂತಾರೆ. ನಡತೆ ಚೆನ್ನಾಗಿದ್ರೆ ಮೂರಕ್ಕೆ ಬಿಡ್ತಾರೆ.”

“ಸುಪಿಯಾಗೆ ಏನ್ ಹೇಳ್ಲಿ? ಮೂರಕ್ಕೆ ಬಿಡ್ತಾರೆ ಅಂತಲಾ?”

ಅವಳು ರಾಜಿಪತ್ರವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದಳು.

ಅತ್ತ ದರಿ, ಇತ್ತ ಪುಲಿ. ಸಹಿ ಹಾಕಿದರೆ ಅವನು ಒಳಗೆ. ಹಾಕದೆ ಮೇಲ್ಮನವಿ ಗೆದ್ದರೆ ಈ ಚೀಟಿ ಹೊರಗೆ ಬರುತ್ತದೆ, ಮೂರು ಹೆಣದ ಭಾರ ನನ್ನ ಕೊರಳಿಗೆ ಬೀಳುತ್ತದೆ. ಸುಳ್ಳು ಹೇಳುವುದಿಲ್ಲ, ನಾನು ಪೆನ್ನು ಕೈಗೆತ್ತಿಕೊಂಡೆ. ಅದರ ಮುಚ್ಚಳವನ್ನೂ ತೆಗೆದೆ.

ಆದರೆ ಯಾವ ಕಾಗದಕ್ಕೂ ತಾರೀಕು ತಾಳೆ ನೋಡದೆ ನಾನು ಸಹಿ ಹಾಕಿದವಳಲ್ಲ. ಕೈ ತಾನಾಗಿಯೇ ಎಣಿಸತೊಡಗಿತು. ನನ್ನ ಕೊನೆಯ ದಿನ, ಮೂವತ್ತನೇ ತಾರೀಕು, ಸಂತೆವಾರ ಪೋನ್. ಅಲ್ಲಿಂದ ಐದೈದು ಹಿಂದಕ್ಕೆ: ಇಪ್ಪತ್ತೈದು, ಇಪ್ಪತ್ತು, ಹದಿನೈದು, ಹತ್ತು, ಎಲ್ಲವೂ ಪೋನ್. ಒಂಬತ್ತು ಪಾಹಿಂಗ್. ಎಂಟು ಲೆಗಿ.

ಸರಿಯಾಗಿತ್ತು. ಹಾಳಾದದ್ದು, ಸರಿಯಾಗಿಯೇ ಇತ್ತು.

“ಲೆಗಿ,” ಎಂದು ಗೊಣಗಿದೆ.

ನಮ್ಮಲ್ಲಿ ಲೆಗಿ ಎಂದರೆ ಯಾರೂ ಅಲ್ಲಿಗೇ ಬಿಡುವುದಿಲ್ಲ. ಮಗು ಹುಟ್ಟಿದರೂ, ಮದುವೆ ನಿಶ್ಚಯವಾದರೂ, ಸತ್ತರೂ, ಕೇಳಿದವರು ಮರುಪ್ರಶ್ನೆ ಹಾಕಿಯೇ ಹಾಕುತ್ತಾರೆ. ಯಾವ ಲೆಗಿ? ಮಂಗಳವಾರದ ಲೆಗಿಯೋ, ಗುರುವಾರದ ಲೆಗಿಯೋ? ನಮ್ಮ ಅಜ್ಜಿಯ ಧ್ವನಿಯಲ್ಲೇ ಆ ಪ್ರಶ್ನೆ ನನ್ನ ಕಿವಿಯಲ್ಲಿ ಕೇಳಿಸಿತು.

ಮತ್ತೆ ಎಣಿಸಿದೆ, ಈ ಸಲ ಏಳೇಳು. ಮೂವತ್ತು ಸೋಮವಾರ. ಇಪ್ಪತ್ತಮೂರು ಸೋಮವಾರ. ಹದಿನಾರು ಸೋಮವಾರ. ಒಂಬತ್ತು ಸೋಮವಾರ.

ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟೆ.

“ತಿನ್.”

“ಏನು, ಬು?”

“ಮೂವತ್ತೊಂದು ವರ್ಷದಲ್ಲಿ ನಾನು ಎಷ್ಟು ಭಾನುವಾರ ಕಚೇರಿಗೆ ಬಂದಿದೀನಿ?”

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬೆರಳುಗಳು ಮೇಜಿನ ಮೇಲೆ ಎಣಿಸತೊಡಗಿ ಅರ್ಧಕ್ಕೆ ನಿಂತವು.

“ಒಂಬತ್ತು ಸೋಮವಾರ ಆದ್ರೆ ಎಂಟು ಯಾವ ವಾರ? ಗೇಟಿಗೆ ಸರಪಳಿ ಹಾಕಿರೋ ದಿನ ದಾರ್ಮಿನ್ ಗೋಡೆ ಹಾರಿ ಬಂದು ಕಾಗದ ಕೊಟ್ನಾ? ನಾನು ಗೋಡೆ ಹಾರಿ ಬಂದು ಇಸ್ಕೊಂಡ್ನಾ, ಈ ಮಂಡಿನೋವು ಇಟ್ಕೊಂಡು?”

“ಬು...”

“ಇರು.” ಹೊದಿಕೆಯನ್ನು ಬೆಳಕಿಗೆ ಎತ್ತಿ ಹಿಡಿದೆ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ಸರ್ಕಾರಿ ಪದ್ಧತಿ. IXನ X ಹಳೆಯ ನೀಲಿ, ಸ್ವಲ್ಪ ಮಾಸಿತ್ತು. ಅದರ ಮುಂದಿನ ಗೀಟು ಮಾತ್ರ ಹೊಸ ಮದುಮಗಳಂತೆ ಹೊಳೆಯುತ್ತಿತ್ತು. “ಇದು ಮೊದಲು ಬರೀ X. ಅಕ್ಟೋಬರ್ ಎಂಟು, ಮಂಗಳವಾರ. ಒಂದು ಗೀಟು ಎಳೆದು ಸೆಪ್ಟೆಂಬರ್ ಮಾಡಿದಾರೆ. ಮೂವತ್ತು ದಿನ ಹಿಂದಕ್ಕೆ. ಐದೈದರ ಆರು ವಾರ, ಹಾಗಾಗಿ ಲೆಗಿ ಲೆಗಿಯಾಗೇ ಉಳೀತು. ಎಳೆದವರು ಸಂತೆವಾರ ತಾಳೆ ನೋಡಿ ಸಮಾಧಾನ ಪಟ್ಕೊಂಡಿದಾರೆ. ಐದರ ವಾರ ನೋಡಿದ್ರು, ಏಳರ ವಾರ ಮರೆತ್ರು. ಇಂಥ ತಪ್ಪು ಮಾಡ್ಬೇಕಾದ್ರೆ ನನ್ನ ಹತ್ರಾನೇ ಕಲಿತಿರ್ಬೇಕು, ಅಲ್ವಾ?”

ಪ್ರಿಹಾತಿನ್ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಅಳುವಿನಲ್ಲೂ ಸದ್ದು ಮಾಡದವಳು. ಆ ಶಿಸ್ತು ಕಲಿಸಿದವಳೂ ನಾನೇ.

“ಅಕ್ಷರ ನನ್ನ ಹಾಗಿದೆ ಅಂದೆ. ನನ್ನದಲ್ಲ. ನಿನ್ನ ಕೈಗೆ ನಾನು ತಿದ್ದಿಸಿದ್ದು. ಪತ್ರ ಇಸ್ಕೊಂಡಿದ್ದು ನೀನು.”

“ಹೌದು, ಬು.”

“ಇಸ್ಕೊಂಡು ಮೇಜಲ್ಲೇ ಮಲಗಿಸಿದೆ.”

“ಇಲ್ಲ!” ಕೈ ತೆಗೆದು ನನ್ನನ್ನು ನೋಡಿದಳು. “ಅದೊಂದು ಮಾತ್ರ ಇಲ್ಲ. ಬಟ್ಟೆ ಸಾಲದು ಅಂತ ಓದಿದ ಕೂಡಲೇ ನಾನೇ ಕೈಯಲ್ಲಿ ಹಿಡ್ಕೊಂಡು ಮೇಲೆ ಓಡಿದೆ. ಸೇತುವೆ ವಿಭಾಗಕ್ಕೆ. ಅವತ್ತೇ, ಊಟಕ್ಕೆ ಮುಂಚೆ.”

ಚೀಟಿಯ ಕೆಳಗಿನ ಅಂಚನ್ನು ಬೆರಳಿನಿಂದ ಸವರಿದೆ. ಮೇಲಿನ ಅಂಚು ಅಚ್ಚಿನ ಮನೆಯದು, ಒರಟು. ಕೆಳಗಿನದು ಕತ್ತರಿಯದು, ನುಣುಪು. ನೋಡಿದ ಕೂಡಲೇ ಕಾಣಬೇಕಿತ್ತು, ಹೆದರಿದ ಕಣ್ಣಿಗೆ ಕಂಡಿರಲಿಲ್ಲ. ಸಾಹೇಬರ ಷರಾ ಇಲ್ಲದಿರುವುದಲ್ಲ, ಷರಾ ಬರೆದ ಅರ್ಧವೇ ಇರಲಿಲ್ಲ.

“ಏನಂತ ಬರೆದಿದ್ರು?”

“‘ಸಾಮಾನ್ಯ. ಮುಂದಿನ ವರ್ಷ ನೋಡೋಣ.’ ಹಸಿರು ಮಸೀಲಿ. ಕೆಳಗೆ ಸಹಿ.”

ಹೊರಗೆ ಪ್ರವಚನ ಮುಗಿಯುತ್ತಾ ಬಂದಿತ್ತು. ಮೂವರು ಮುಳುಗಿ ಸತ್ತದ್ದು ಆ ನಾಲ್ಕು ಪದಗಳಲ್ಲಿ.

“ಸೇತುವೆ ಬಿದ್ಮೇಲೆ ಫೋನ್ ಬಂತು,” ಎಂದಳು ಅವಳು. “‘ಇಸ್ಕೊಂಡವಳು ನೀನು. ನನ್ನ ಷರಾ ಉಳಿದ್ರೆ ನೀನೂ ಉಳಿಯಲ್ಲ. ಒಂದು ಗೀಟು ಎಳಿ. ಹೊಣೆ ನಿವೃತ್ತಿ ಆದವಳ ಮೇಲೆ ಹೋಗುತ್ತೆ, ಮುದುಕೀನ ಯಾರೂ ಮುಟ್ಟಲ್ಲ’ ಅಂದ್ರು. ನಂಗೆ ಇಬ್ಬರು ಹೆಣ್ಣುಮಕ್ಕಳು, ಬು. ಎಳೆದೆ. ಆಮೇಲೆ ನೀವೇ ಸುಪಿಯಾ ಕೈಹಿಡ್ಕೊಂಡು ಅರ್ಜಿ ಹಾಕೋಕೆ ಬಂದ್ರಿ. ನಿಮ್ಮನ್ನ ಕಿಟಕೀಲಿ ನೋಡಿ ನಾನು ಬಾತ್‌ರೂಮಿಗೆ ಹೋಗಿ ವಾಂತಿ ಮಾಡ್ಕೊಂಡೆ.”

“ಯಾರು ಅದು? ಸೇತುವೆ ವಿಭಾಗಕ್ಕೆ ಅಕ್ಟೋಬರಿನಲ್ಲಿ ಮುಖ್ಯಸ್ಥರೇ ಇರಲಿಲ್ಲ. ಹಳಬರು ಹೋಗಿದ್ರು, ಹೊಸಬರು ಬಂದಿದ್ದು ತಿಂಗಳ ಕೊನೇಲಿ. ದಾಖಲೆ ನೋಡಿದೀನಿ.”

“ಮಧ್ಯೆ ಹದಿನೆಂಟು ದಿನ ಪ್ರಭಾರ ಇದ್ರು. ಪ್ರಾಂತ್ಯದ ಕಚೇರಿಯಿಂದ ಕಳಿಸಿದ್ರು.”

ಪ್ರಭಾರ! ನಮ್ಮ ನಾಡಿನಲ್ಲಿ ಅರ್ಧ ಆಡಳಿತ ನಡೆಯುವುದೇ ಪ್ರಭಾರಿಗಳಿಂದ. ಅವರ ಹೆಸರು ಬಾಗಿಲ ಹಲಗೆಗೂ ಏರುವುದಿಲ್ಲ, ಗೋಡೆಯ ಪಟ್ಟಿಗೂ ಏರುವುದಿಲ್ಲ. ಬಂದು, ಸಹಿ ಹಾಕಿ, ಹೋಗಿಬಿಡುತ್ತಾರೆ.

“ಹೆಸರು ಹೇಳು.”

ಅವಳು ಮೇಜಿನ ತಲೆಭಾಗದ ಖಾಲಿ ಕುರ್ಚಿಯನ್ನು ನೋಡಿದಳು. ಅದರ ಮುಂದೆ ಕನ್ನಡಕದ ಡಬ್ಬಿ ಇತ್ತು.

*ನಿಮ್ಮ ಕಚೇರಿ ಮೇಲ್ಮಹಡೀಲಿ ಕೊಡ್ತಾರಲ್ಲ, ಆ ಕಷಾಯಕ್ಕಿಂತ ವಾಸಿ.* ಹೊರಗಿನವರಿಗೆ ನಮ್ಮ ಕಚೇರಿಯಲ್ಲಿ ಚಹಾ ಕೊಡುವುದು ಕೆಳಗಿನ ಹಜಾರದಲ್ಲಿ. ಮೇಲ್ಮಹಡಿಯ ಚಹಾ ಕುಡಿಯುವವರು ಅಲ್ಲಿ ಕುರ್ಚಿ ಇದ್ದವರು ಮಾತ್ರ.

“ಪಾಕ್ ಮುರ್ಸಿದಿ,” ಎಂದೆ.

“ಆಮೇಲೆ ನಿವೃತ್ತಿ ಆಗಿ ಸರ್ಕಾರದ ಕಡೆಯಿಂದ ಆಯೋಗಕ್ಕೆ ಬಂದ್ರು. ನಮ್ಮ ಪ್ರಕರಣ ತಾವೇ ಕೇಳಿ ತಗೊಂಡ್ರಂತೆ. ‘ನಮಾಜಿನ ಹೊತ್ತಲ್ಲಿ ಚೀಟಿ ತೋರಿಸು, ಮುದುಕಿ ತಾನೇ ಸಹಿ ಹಾಕ್ತಾಳೆ’ ಅಂತ ನನಗೆ ಹೇಳಿಕೊಟ್ಟಿದ್ದೂ ಅವರೇ.”

ಹೆಣೆದ ಬಲೆಯನ್ನು ಮೆಚ್ಚಲೇಬೇಕು. ಈ ಕೋಣೆಯಲ್ಲಿ ನೋಡಿದ್ದನ್ನು ನಾನು ಹೊರಗೆ ಹೇಳುವಂತಿಲ್ಲ. ದಾರ್ಮಿನ್‌ನ ಪತ್ರ ಇಲ್ಲಿ ತೋರಿಸಿದ್ದು, ಭಾನುವಾರದ ಲೆಗಿ ಇಲ್ಲಿ ಕಂಡದ್ದು. ಪೀಠದ ಮುಂದೆ ಬಾಯಿ ಬಿಟ್ಟರೆ ನಿಯಮ ಮುರಿದವಳೆಂದು ನನ್ನನ್ನೇ ಎಬ್ಬಿಸಿ ಕಳಿಸುತ್ತಾರೆ. ಮೂಲಪತ್ರ ತರಿಸಿ ನೋಡಿ ಎಂದು ಪೀಠವನ್ನು ಕೇಳಬಹುದು. ಪೀಠ ಕೂರುವುದು ಬುಧವಾರ. ಅಷ್ಟರೊಳಗೆ ಇನ್ನೊಂದು ಮಳೆ ಬಂದು ಈ ಹಾಳೆಯನ್ನೂ ನೆನೆಸುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ಕತ್ತರಿಸಿದ ತುಂಡು ಏನಾಯ್ತು?”

“ಸುಟ್ಟುಹಾಕು ಅಂದಿದ್ರು.”

“ಸುಟ್ಟೆಯಾ?”

ಕಣ್ಣೀರಿನಲ್ಲೇ ಅವಳ ತುಟಿ ಒಂಚೂರು ಕೊಂಕಿತು. “ಟಪಾಲು ಮೇಜಿನವರು ಕಾಗದ ಸುಡ್ತಾರಾ, ಬು? ನೀವೇ ಅಲ್ವಾ ಕಲಿಸಿದ್ದು? ಮನೇಲಿಡೋಕೆ ಭಯ. ಹತ್ತು ತಿಂಗಳಿಂದ ಇದರಲ್ಲೇ ಇಟ್ಕೊಂಡು ಓಡಾಡ್ತಿದೀನಿ.” ಅವಳ ಕೈ ತೊಡೆಯ ಮೇಲಿದ್ದ ಚೀಲದೊಳಗೆ ಹೋಯಿತು.

“ತೆಗೀಬೇಡ!” ಎಂದೆ. ಅಷ್ಟು ಜೋರಾಗಿ ಹೇಳಿದೆನೆಂದರೆ ಅವಳು ಬೆಚ್ಚಿಬಿದ್ದಳು. “ನನ್ನ ಕಣ್ಣಿಗೆ ಬೀಳಿಸ್ಬೇಡ. ಇಲ್ಲಿ ತೋರಿಸಿದ್ದು ಇಲ್ಲೇ ಸಾಯುತ್ತೆ. ಈ ಕೋಣೇಲಿ ಯಾರೂ ನೋಡದೇ ಹೋದ್ರೆ ಮಾತ್ರ ಅದಕ್ಕೆ ಹೊರಗೆ ಜೀವ. ತಾರೀಕು ಇದೆಯಾ ಅದರಲ್ಲಿ?”

“ಸಹಿ ಕೆಳಗೆ. ಎಂಟು, ಅಕ್ಟೋಬರ್. ಅವರ ಕೈಬರಹದಲ್ಲೇ. ಮೇಲ್ಗಡೆ ‘ದಾರ್ಮಿನ್ ಪತ್ರ, ಸೇತುವೆ ಹಗ್ಗ’ ಅಂತ ವಿಷಯಾನೂ ಇದೆ.”

ಅದೊಂದು ಅಂಗೈಯಗಲದ ತುಂಡು ಸಾಕು. ದಾರ್ಮಿನ್ ತಿಳಿಸಿದ್ದ, ಮೇಲಿನವರು ಓದಿದ್ದರು ಎಂದು ಅವರ ಸಹಿಯೇ ಹೇಳುತ್ತದೆ. ಮೆಟ್ಟಿಲಿಳಿದು ಸುಪಿಯಾಳ ಕೈಗೆ ಸೇರಿದರೆ ಗುರುವಾರ ಅವಳ ಗಂಡ ಮನೆಗೆ.

ಹೊರಗಿನ ಓಣಿಯಲ್ಲಿ ಚಪ್ಪಲಿಯ ಸದ್ದು. ನಮಾಜು ಮುಗಿದಿತ್ತು.

ಪ್ರಿಹಾತಿನ್ ತಟ್ಟನೆ ಕಣ್ಣೊರೆಸಿಕೊಂಡು ಮೇಜಿನ ಮೇಲಿನ ಕಾಗದಗಳನ್ನು ಕಡತಕ್ಕೆ ಸೇರಿಸಿದಳು. ನಾನು ಬೇಕೆಂದೇ ಗೋಡೆಯ ಕಡೆಗೆ ಮುಖ ತಿರುಗಿಸಿದೆ. ಬೆನ್ನ ಹಿಂದೆ ರಟ್ಟಿನ ಸದ್ದು, ರಬ್ಬರ್ ಬ್ಯಾಂಡ್ ಚಟ್ಟೆಂದ ಸದ್ದು ಕೇಳಿಸಿತು.

ಬಾಗಿಲು ತೆರೆಯಿತು. ಪಾಕ್ ಮುರ್ಸಿದಿಯವರ ಮುಖ ತೊಳೆದು ಹಸನಾಗಿತ್ತು. ನಮ್ಮಿಬ್ಬರನ್ನೂ ಒಂದೊಂದಾಗಿ ನೋಡಿದರು.

“ಏನಾಯ್ತು? ಕೂಡ್ತಾ, ಮುರೀತಾ?”

“ಮುರೀತು,” ಎಂದೆ.

ಅವರ ನಗೆ ಅಳಿಯಲಿಲ್ಲ, ಆದರೆ ಅಲ್ಲೇ ಗಟ್ಟಿಯಾಯಿತು. “ಮುರೀತಾ? ಬು ಪ್ರಿಹಾತಿನ್, ಎಲ್ಲಾ ತೋರಿಸಿದ್ರಾ ಇವರಿಗೆ?”

“ತೋರಿಸಿದೆ, ಪಾಕ್.”

“ಎಲ್ಲಾ?”

“ಕಡತದಲ್ಲಿ ಇದ್ದದ್ದೆಲ್ಲಾ.”

ಅವರು ಕಪಾಟಿನ ಬೀಗ ತೆಗೆದು ಮೊಬೈಲು ಕೊಟ್ಟರು. ಕಡತವನ್ನು ತಾವೇ ಎತ್ತಿಕೊಂಡು ಬಗಲಲ್ಲಿಟ್ಟುಕೊಂಡರು. ಆಮೇಲೆ ನಯವಾಗಿ, “ಚೀಲ ಒಂದ್ಸಲ ನೋಡ್ಬಿಡ್ತೀನಿ, ಇಬ್ಬರದ್ದೂ. ರಾಜಿ ಕೋಣೆ ಕಾಗದ ಹೊರಗೆ ಹೋಗ್ಬಾರ್ದು, ತಪ್ಪು ತಿಳ್ಕೋಬೇಡಿ,” ಎಂದರು. ನನ್ನ ಚೀಲ ನೋಡಿದರು. ಪ್ರಿಹಾತಿನ್‌ಳ ಚೀಲದ ಪದರಗಳನ್ನೆಲ್ಲ ಬಿಡಿಸಿ ನೋಡಿದರು. ಬಾಚಣಿಗೆ, ಮಕ್ಕಳ ಫೋಟೋ, ಬಸ್ ಚೀಟಿ.

ಪ್ರಿಹಾತಿನ್ ಮೇಜಿನ ಮೇಲಿನ ಒಂದು ಊಟದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿರಿಯರು ಹಿರಿಯರಿಗೆ ಕೊಡುವಂತೆ ತಲೆ ಬಾಗಿಸಿ ನನಗೆ ಕೊಟ್ಟಳು.

“ನೀವು ಮುಟ್ಟಲೇ ಇಲ್ಲ, ಬು. ಅನ್ನ ದಂಡ ಮಾಡ್ಬಾರ್ದು. ಕೆಳಗೆ ಸುಪಿಯಾಗೆ ಕೊಡಿ, ಬೆಳಿಗ್ಗೆಯಿಂದ ಹಸ್ಕೊಂಡಿರ್ತಾಳೆ.”

ಉಳಿದ ಡಬ್ಬಿ ಮನೆಗೆ ಒಯ್ಯುವುದನ್ನು ಈ ಊರಲ್ಲಿ ಯಾರೂ ಎರಡನೇ ಸಲ ತಿರುಗಿ ನೋಡುವುದಿಲ್ಲ. ಸಭೆ ಇರುವುದೇ ಡಬ್ಬಿಗಾಗಿ. ರಬ್ಬರ್ ಬ್ಯಾಂಡನ್ನು ಈಗ ಎರಡು ಸುತ್ತು ಹಾಕಿತ್ತು. ತೆಗೆದುಕೊಂಡು ಬಾಗಿಲ ಕಡೆಗೆ ನಡೆದೆ. ನಾಲ್ಕು ಹೆಜ್ಜೆ, ಆಮೇಲೆ ಓಣಿ, ಆಮೇಲೆ ಮೆಟ್ಟಿಲು.

“ಬು ರುಮಿಯಾತಿ.”

ನಿಂತೆ.

“ಮಧ್ಯಾಹ್ನದ ಹೊತ್ತು ಹಿರಿಯರನ್ನ ಹಸಿದು ಕಳಿಸಿದ್ರೆ ಜನ ನನ್ನ ಏನಂದಾರು?” ಪಾಕ್ ಮುರ್ಸಿದಿ ನನಗಿಂತ ಮುಂದೆ ಬಂದು, ಹಿಡಿಯಿಲ್ಲದ ಆ ಬಾಗಿಲನ್ನು ಅಂಗೈಯಿಂದ ತಳ್ಳಿ ಮುಚ್ಚಿದರು. ನನಗೊಂದು ಕುರ್ಚಿ ಎಳೆದರು, ಎದುರಿಗೆ ತಮಗೊಂದು. ಕನ್ನಡಕದ ಡಬ್ಬಿ ತೆರೆದು, ಕನ್ನಡಕವನ್ನು ನಿಧಾನವಾಗಿ ಒರೆಸಿ ಮೂಗಿಗೇರಿಸಿಕೊಂಡರು.

“ಸುಪಿಯಾಗೆ ಬೇರೆ ತರಿಸೋಣ. ಇದು ನಿಮ್ಮದು. ಕೂತ್ಕೊಳ್ಳಿ, ಬಿಚ್ಚಿ. ನಿಮ್ಮ ಊಟ ಮುಗಿಯೋವರೆಗೂ ನಾನು ಇಲ್ಲೇ ಕೂತಿರ್ತೀನಿ.”